ಲಕ್ಷದ ಮೇಲೊಂದು

ಹತ್ತಿ ಹಾರುತ್ತದೆಂದು ನಡುಮನೆಯ ಎರಡು ಕಿಟಕಿಗಳನ್ನೂ ಹಿತ್ತಿಲ ಬಾಗಿಲನ್ನೂ ಬೆಳಗಿನ ಸ್ನಾನ ಮುಗಿಯುತ್ತಿದ್ದಂತೆ ಮುಚ್ಚಿಬಿಡುತ್ತಿದ್ದರು. ಎಲಹಂಕದ ಹಳೇ ಪೇಟೆಯ ನಮ್ಮ ಮನೆ ಮೊದಲೇ ಕತ್ತಲೆಯದು. ಮಾಡಿನ ಗಾಜಿನ ಹೆಂಚಿನಿಂದ ಇಳಿಯುವ ಒಂದು ಚೌಕ ಬೆಳಕು, ಅದರಲ್ಲಿ ತೇಲುವ ಹತ್ತಿಯ ಎಳೆಗಳು, ಅದರ ಸುತ್ತ ಚಾಪೆಯ ಮೇಲೆ ಕಾಲು ಮಡಿಸಿ ಕೂತು ಬತ್ತಿ ಹೊಸೆಯುವ ಹನ್ನೊಂದು ಜನ ಹೆಣ್ಣುಗಳು. ಜೋರಾಗಿ ಮಾತಾಡುವಂತಿಲ್ಲ, ಸೀನುವಂತಿಲ್ಲ, ಬೀಸಣಿಗೆ ಮುಟ್ಟುವಂತಿಲ್ಲ. ಬೆರಳಿಗೆ ವಿಭೂತಿ ಹಚ್ಚಿಕೊಳ್ಳುವುದು, ಚಿಟಿಕೆ ಹತ್ತಿ ತೆಗೆಯುವುದು, ಹೊಸೆಯುವುದು, ತಟ್ಟೆಗೆ ಹಾಕುವುದು, ಮತ್ತೆ ವಿಭೂತಿ. ಜಕ್ಕೂರಿನಿಂದ ಎದ್ದ ತರಬೇತಿಯ ವಿಮಾನ ಮನೆಯ ಮೇಲೆ ಗುಂಯ್‌ಗುಟ್ಟಿಕೊಂಡು ಹೋದರೆ ಅದು ಯಾವ ಕಡೆ ತಿರುಗಿತು ಎಂದು ಶಬ್ದದಲ್ಲೇ ಊಹಿಸಬೇಕು. ನನಗಾಗ ಹನ್ನೆರಡು ವರ್ಷ, ಶಾಲೆಗೆ ಬೇಸಿಗೆ ರಜೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರು ಪಕ್ಷದವರನ್ನು ಮಾತಾಡಲು ಬಿಡದವಳು ಎಂದು ಇವತ್ತು ನನ್ನನ್ನು ಬಲ್ಲವರು, ಅಂಥವಳನ್ನು ಆ ಕೋಣೆಯಲ್ಲಿ ಯಾರು ಕೂರಿಸಿದರು ಎಂದು ಕೇಳಬಹುದು. ನಾನೇ ಕೂರಿಸಿಕೊಂಡೆ. ಜೀವನದಲ್ಲಿ ಮೊದಲ ಸಲ ಒಂದು ವಾದ ಗೆದ್ದದ್ದಕ್ಕೆ ಸಿಕ್ಕ ಬಹುಮಾನ ಅದು.

ಹರಕೆ ಅಜ್ಜಿಯದು. ಅಪ್ಪನ ತಾಯಿ, ಹಣೆ ತುಂಬ ಕುಂಕುಮದ ಮುತ್ತೈದೆ, ಅವಳ ಮಾತೇ ಆ ಮನೆಯಲ್ಲಿ ಕೊನೆಯ ಮಾತು. ಅಮ್ಮನಿಗೆ ನಾನೊಬ್ಬಳೇ ಮಗಳು, ಬಹಳ ವರ್ಷಗಳ ಮೇಲೆ ಮತ್ತೆ ಬಸುರಿಯಾಗಿದ್ದಳು. ಈ ಸಲವಾದರೂ ಗಂಡಾಗಲಿ ಎಂದು ಅಜ್ಜಿ ಲಕ್ಷಬತ್ತಿ ಹೊತ್ತಳು. ಲಕ್ಷ ಬತ್ತಿಗಳನ್ನು ಕೈಯಲ್ಲೇ ಹೊಸೆದು, ತುಪ್ಪದಲ್ಲಿ ನೆನೆಸಿ, ದೇವರ ಮುಂದೆ ಒಟ್ಟಿಗೆ ಉರಿಸುವುದು. ಅಷ್ಟು ಎಲ್ಲರ ಮನೆಯಲ್ಲೂ ಇರುವ ವ್ರತವೇ. ನಮ್ಮ ಮನೆಯವರು ಅದಕ್ಕೆ ಎರಡು ಕಟ್ಟಳೆ ಸೇರಿಸಿಕೊಂಡಿದ್ದರು. ಸೊನ್ನೆಯಲ್ಲಿ ಮುಗಿಯುವ ಸಂಖ್ಯೆಯನ್ನು ದೇವರಿಗೆ ಕೊಡುವಂತಿಲ್ಲ, ಮೇಲೊಂದು ಸೇರಿಸಲೇಬೇಕು. ಹಾಗಾಗಿ ನಮ್ಮ ಲಕ್ಷ ಎಂದರೆ ಲಕ್ಷದೊಂದು. ಮತ್ತೆ, ಹೊಸೆಯಲು ಕೂತವರಿಗೆಲ್ಲ ಪಾಲು ಸಮನಾಗಿರಬೇಕು, ಹಂಚಿದ ಮೇಲೆ ಒಂದು ಬತ್ತಿಯೂ ಉಳಿಯಬಾರದು. ಉಳಿದರೆ ಮನೆಯಲ್ಲಿ ಯಾರಾದರೂ ಒಬ್ಬರು ಒಂಟಿಯಾಗಿ ಉಳಿಯುತ್ತಾರೆ. ಇದಕ್ಕೆ ಪುರಾವೆ ಏನು ಎಂದು ಕೇಳಿದರೆ ಎಲ್ಲರೂ ಅಡುಗೆಮನೆಯ ಕಡೆ ಕಣ್ಣು ತಿರುಗಿಸುತ್ತಿದ್ದರು. ಅಲ್ಲಿ ನನ್ನ ಸೋದರತ್ತೆ ರುಕ್ಕತ್ತೆ ಇದ್ದಳು. ಮದುವೆಯಾದ ವರ್ಷ ಅವಳ ಗಂಡನ ಮನೆಯಲ್ಲಿ ಬತ್ತಿ ಉಳಿಸಿದ್ದರಂತೆ, ವರ್ಷ ತುಂಬುವುದರೊಳಗೆ ಗಂಡ ಹೋದನಂತೆ. ಆತ ವಿಷಮಶೀತ ಜ್ವರದಲ್ಲಿ ಸತ್ತದ್ದು ಎಂದು ಅಪ್ಪನೇ ಹೇಳಿದ್ದ. ಜ್ವರ ನಿಮಿತ್ತ, ಬತ್ತಿ ಕಾರಣ ಎಂಬುದು ಅಜ್ಜಿಯ ವಾದ. ಇಂಥ ವಾದವನ್ನು ಸೋಲಿಸಲು ಆಗುವುದಿಲ್ಲ, ಹಿಡಿಯಲು ಅದಕ್ಕೆ ಕೊನೆಯೇ ಇರುವುದಿಲ್ಲ.

ಪ್ರತಿ ಕಾರ್ತಿಕದಲ್ಲಿ ನಮ್ಮಲ್ಲಿ ಸಾವಿರದೊಂದು ಬತ್ತಿ ಹೊಸೆಯುತ್ತಿದ್ದರು. ಮನೆಯ ಏಳು ಹೆಂಗಸರಿಗೆ ತಲಾ ನೂರ ನಲವತ್ತಮೂರು, ಏನೂ ಉಳಿಯುತ್ತಿರಲಿಲ್ಲ. ಇದನ್ನು ಅಜ್ಜಿ ಏಳರ ಮಹಿಮೆ ಎಂದು ತಿಳಿದಿದ್ದಳು. ಲಕ್ಷದೊಂದಕ್ಕೂ ಅದೇ ಏಳು ಜನರನ್ನು ಕೂರಿಸುವುದೆಂದು ನಿರ್ಧರಿಸಿ, ಬುಟ್ಟಿಗಳಲ್ಲಿ ಹತ್ತಿ ಅಳೆದು, ಮುಹೂರ್ತವನ್ನೂ ಇಡಿಸಿ, ಪಾಲೆಷ್ಟು ಎಂದು ಹೇಳಲು ಅಪ್ಪನನ್ನು ಕರೆದಳು. ಅಪ್ಪ ರೈಲ್ವೆ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತ, ಲೆಕ್ಕದಲ್ಲಿ ತಪ್ಪುವವನಲ್ಲ, ತಾಯಿಯ ಮುಂದೆ ಗಟ್ಟಿಯಾಗಿ ಮಾತಾಡುವವನೂ ಅಲ್ಲ.

"ಆರು ಉಳಿಯುತ್ತಮ್ಮ."

"ಇನ್ನೊಂದ್ಸಲ ಮಾಡು."

"ಮಾಡ್ದೆ. ಆರೇ."

"ಸಾವಿರದೊಂದಕ್ಕೆ ಬರ್ತಿತ್ತು, ಲಕ್ಷದೊಂದಕ್ಕೆ ಯಾಕೆ ಬರಲ್ಲ? ಅದಕ್ಕೂ ತಲೆ ಒಂದು, ಬಾಲ ಒಂದು. ಇದಕ್ಕೂ ತಲೆ ಒಂದು, ಬಾಲ ಒಂದು. ನಡುವೆ ಎರಡು ಸೊನ್ನೆ ಜಾಸ್ತಿ ಇವೆ ಅಷ್ಟೇ. ಸೊನ್ನೆಗೇನೋ ತೂಕ?"

ನಾನು ಬಾಗಿಲ ಬಳಿ ನಿಂತಿದ್ದೆ. ಇಂಥ ಮಾತು ಕಿವಿಗೆ ಬಿದ್ದ ಮೇಲೆ ಸುಮ್ಮನಿರುವ ಗುಣ ನನಗೆ ಆಗಲೂ ಇರಲಿಲ್ಲ.

"ತೂಕ ಇರೋದೇ ಸೊನ್ನೆಗೆ ಅಜ್ಜಿ. ಇಲ್ದಿದ್ರೆ ನೀನು ಹನ್ನೊಂದು ಬತ್ತಿ ಹಚ್ಚಿ ಲಕ್ಷದೊಂದು ಹಚ್ಚಿದ ಪುಣ್ಯ ತಗೋಬಹುದಿತ್ತು."

"ಬಂದ್ಲು ನೋಡು ವಕೀಲಮ್ಮ. ನೀನೇ ಮಾಡೇ ಹಾಗಾದ್ರೆ."

ರಂಗೋಲಿ ಪುಡಿಯನ್ನು ಕೆಂಪು ನೆಲದ ಮೇಲೆ ಹರಡಿ ಬೆರಳಲ್ಲಿ ಬರೆದೆ. ಒಂದು, ನಾಲ್ಕು ಸೊನ್ನೆ, ಒಂದು. ಕೊನೆಯ ಅಂಕಿ ಒಂದಾದ್ದರಿಂದ ಎರಡು, ಐದು, ಹತ್ತು ನಡೆಯುವುದಿಲ್ಲ. ಅಂಕಿಗಳನ್ನು ಕೂಡಿದರೆ ಎರಡು, ಆದ್ದರಿಂದ ಮೂರೂ ಇಲ್ಲ, ಒಂಬತ್ತೂ ಇಲ್ಲ. ಏಳನ್ನು ಅಪ್ಪ ಆಗಲೇ ಸಾಯಿಸಿದ್ದ. ನಮ್ಮ ಗಣಿತದ ಟೀಚರ್ ಹನ್ನೊಂದಕ್ಕೊಂದು ಉಪಾಯ ಹೇಳಿಕೊಟ್ಟಿದ್ದರು: ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಗುಂಪು ಮಾಡಿ ಕೂಡು, ಎರಡೂ ಮೊತ್ತ ಒಂದೇ ಆದರೆ ಹನ್ನೊಂದರಿಂದ ಭಾಗ ಹೋಗುತ್ತದೆ. ಇಲ್ಲಿ ಒಂದು ಗುಂಪಿನಲ್ಲಿ ತಲೆಯ ಒಂದು, ಇನ್ನೊಂದರಲ್ಲಿ ಬಾಲದ ಒಂದು. ತಕ್ಕಡಿ ಸಮ.

"ಹನ್ನೊಂದು ಜನ ಕೂತರೆ ತಲಾ ಒಂಬತ್ತು ಸಾವಿರದ ತೊಂಬತ್ತೊಂದು. ಏನೂ ಉಳಿಯಲ್ಲ!" ಎಂದು ಕೂಗಿದೆ.

ಅಪ್ಪ ಪರೀಕ್ಷಿಸಿ ತಲೆಯಾಡಿಸಿದ. ಅಜ್ಜಿ ಬೆರಳು ಮಡಿಸತೊಡಗಿದಳು. ಮನೆಯ ಏಳು ಜನ. ಪಕ್ಕದ ಮನೆಯ ಮುನಿಯಮ್ಮ, ಬಾಗಲೂರಿನಿಂದ ಸೊಸೆಯಾಗಿ ಬಂದವಳು, ಎಂಟು. ಬೀದಿಯಿಂದ ಇನ್ನಿಬ್ಬರು ಬರಬಹುದು, ಹತ್ತು. ಮಡಿಸಲು ಬೆರಳು ಮುಗಿದ ಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು.

ಕೂತವರು ತಮ್ಮ ಪಾಲು ಮುಗಿಯುವ ತನಕ ರೈಲ್ವೆ ಗೇಟು ದಾಟುವಂತಿಲ್ಲ ಎಂಬ ಇನ್ನೊಂದು ಕಟ್ಟಳೆ ಇರುವುದು ನನಗೆ ತಿಳಿದದ್ದು ಸಂಕಲ್ಪ ಮುಗಿದು ಕೈಗೆ ಅರಿಶಿನದ ದಾರ ಕಟ್ಟಿದ ಮೇಲೆ. ನಡುವೆ ಒಬ್ಬರು ಎದ್ದು ಹೋದರೆ ಎಲ್ಲರೂ ಹೊಸೆದದ್ದು ವ್ಯರ್ಥ. ಊರಿಗೆ ರೈಲು ಬರುವ ಮುಂಚೆ ಆ ಗಡಿ ಎಲ್ಲಿತ್ತು ಎಂದು ಕೇಳಿದೆ. "ಆಗಲೂ ಗೇಟೇ" ಎಂದಳು ಅಜ್ಜಿ.

ಮೊದಲ ಕೆಲವು ದಿನ ನನಗೆ ಹೆಮ್ಮೆಯೇ ಇತ್ತು. ನಾನು ಕಂಡುಹಿಡಿದ ಹನ್ನೊಂದರ ಮೇಲೆ ಇಡೀ ಮನೆ ನಡೆಯುತ್ತಿತ್ತಲ್ಲ. ಆಮೇಲೆ ಒಂದು ಸಂಜೆ ಅಪ್ಪ ಸ್ಟೇಷನ್ನಿನಿಂದ ಬಂದು, ಅಂಗಿ ಬಿಚ್ಚುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದ: ಮಲ್ಲೇಶ್ವರದ ಹೆಣ್ಣುಮಕ್ಕಳ ಹೈಸ್ಕೂಲಿನ ಪ್ರವೇಶ ಪರೀಕ್ಷೆಗೆ ನಮ್ಮ ಟೀಚರ್ ನನ್ನ ಹೆಸರು ಕಳಿಸಿದ್ದಾರೆ, ಮುಂದಿನ ವಾರ ಪರೀಕ್ಷೆ. ಅಂದು ಹೋಗದಿದ್ದರೆ ಮತ್ತೆ ಅವಕಾಶವಿಲ್ಲ. ಹೋಗದಿದ್ದರೆ ಏನಾಗುತ್ತದೆ ಎಂಬುದನ್ನು ಯಾರೂ ವಿವರಿಸಬೇಕಿರಲಿಲ್ಲ, ಅದು ನನ್ನ ಎಡಕ್ಕೇ ಕೂತಿತ್ತು. ದೊಡ್ಡಪ್ಪನ ಮಗಳು ಸರೋಜ ಮಿಡ್ಲ್ ಸ್ಕೂಲು ಮುಗಿಸಿ ಎರಡು ವರ್ಷವಾಗಿತ್ತು. ಅವಳ ದಿನಗಳು ಬಾವಿ, ಒಲೆ, ಬಂದು ನೋಡಿ ಉಪ್ಪಿಟ್ಟು ತಿಂದು ಹೋಗುವ ಗಂಡಿನ ಕಡೆಯವರು, ಇಷ್ಟರಲ್ಲೇ ಸುತ್ತುತ್ತಿದ್ದವು. ಊರಲ್ಲಿ ಹೈಸ್ಕೂಲಿದ್ದರೂ ಅದು ಗಂಡುಹುಡುಗರ ಜೊತೆಯದು, ಅಜ್ಜಿಯ ಮಟ್ಟಿಗೆ ಇಲ್ಲದ್ದೇ. ನನ್ನ ತಟ್ಟೆಯಲ್ಲಿ ಪಾಲಿನ ಕಾಲು ಭಾಗವೂ ಆಗಿರಲಿಲ್ಲ.

"ಅಪ್ಪಾ, ನೀನು ಹೇಳು ಅಜ್ಜಿಗೆ."

"ಅಜ್ಜೀನೇ ಕೇಳಮ್ಮ. ವ್ರತದ ವಿಷಯ ನಂಗೆ ಗೊತ್ತಾಗಲ್ಲ" ಎಂದು ಅವನು ಕೈಕಾಲು ತೊಳೆಯಲು ಹೋದ.

ಬೇಗ ಬೇಗ ಹೊಸೆದೆ. ಸೂಜಿಯಂತೆ ತೆಳ್ಳಗಾದ ಬತ್ತಿಗಳನ್ನು ಅಜ್ಜಿ ಒಂದೊಂದಾಗಿ ಆರಿಸಿ ಪಕ್ಕಕ್ಕೆ ಹಾಕಿದಳು. ಉಗುರಿನ ಬುಡದಲ್ಲಿ ವಿಭೂತಿ ತುಂಬಿ ಬಿರಿಯಿತು. ಊಟದ ಅನ್ನದಲ್ಲಿ ಹತ್ತಿ, ರೆಪ್ಪೆಯ ಮೇಲೆ ಹತ್ತಿ, ಮಾತಾಡಿದರೆ ನಾಲಿಗೆಗೆ ಹತ್ತಿ. ನನ್ನ ಅವಸ್ಥೆ ನೋಡಲಾರದೆ ಅಮ್ಮ, ಬಸುರಿನ ಭಾರಕ್ಕೆ ಗೋಡೆಗೊರಗಿ ಕೂತವಳು, ಒಂದು ಮಾತು ಹೇಳಿದಳು.

"ಅತ್ತೆ, ಬೀದೀಲಿ ಚಿಕ್ಕ ಹುಡುಗೀರಿದಾರಲ್ಲ, ಯಾರಾದ್ರೂ ಇಬ್ಬರು ಇವಳ ಪಾಲನ್ನ ಹಂಚ್ಕೊಂಡು ಮಾಡಲಿ?"

ಅಜ್ಜಿ ಇಲ್ಲ ಎನ್ನಲಿಲ್ಲ. ನ್ಯಾಯವಾಗಿ ಯೋಚಿಸಿ ನನ್ನ ಕಡೆ ತಿರುಗಿದಳು.

"ಸಮ ಬರುತ್ತೇನೇ?"

ಒಂಬತ್ತು ಸಾವಿರದ ತೊಂಬತ್ತೊಂದು ಎರಡಕ್ಕೆ ಬರುವುದಿಲ್ಲ. ಮೂವರು ಎಂದರೆ ಒಂದು ಉಳಿಯುತ್ತದೆ, ಐವರು ಎಂದರೂ ಒಂದು. ಊಟದ ನಂತರ ಎಲ್ಲರೂ ಅಡ್ಡಾದಾಗ ನೆಲದ ಮೇಲೆ ಪುಡಿ ಹರಡಿ ಹುಡುಕಲು ಕೂತೆ. ಏಳು, ಐದು ಉಳಿಯಿತು. ಹನ್ನೊಂದು, ಮತ್ತೆ ಐದು. ಹದಿಮೂರು, ಹದಿನೇಳು, ಹತ್ತೊಂಬತ್ತು. ಅಷ್ಟು ಮಕ್ಕಳನ್ನು ಎಲ್ಲಿಂದ ತರುವುದು ಎಂಬ ಯೋಚನೆ ಆಗ ಇರಲಿಲ್ಲ, ಒಂದು ಬಾಗಿಲು ಕಂಡರೆ ಸಾಕಿತ್ತು. ಅರವತ್ತೊಂದರಲ್ಲಿ ಎರಡೇ ಉಳಿದಾಗ ಮತ್ತೊಮ್ಮೆ ಮಾಡಿ ನೋಡಿದೆ. ಎರಡು ಉಳಿದರೂ ಉಳಿದದ್ದೇ. ತನ್ನಿಂದ ತಾನೇ ಗುಣಿಸಿಕೊಂಡಾಗ ನಮ್ಮ ಸಂಖ್ಯೆಯನ್ನು ಮೀರುವವರೆಗೆ ಮಾತ್ರ ಹುಡುಕಿದರೆ ಸಾಕು ಎಂದು ಟೀಚರ್ ಹೇಳಿದ್ದರು. ತೊಂಬತ್ತೈದು ದಾಟಿದರೆ ಮೀರುತ್ತದೆ. ಎಂಬತ್ತೊಂಬತ್ತನ್ನೂ ಮಾಡಿ ಹದಿಮೂರು ಉಳಿಸಿಕೊಂಡು ಕೈ ಒರೆಸಿಕೊಂಡೆ. ಆ ಸಂಖ್ಯೆಗೆ ಒಂದೂ ಬಾಗಿಲಿರಲಿಲ್ಲ. ನಾನು ಒಂದು ಅವಿಭಾಜ್ಯ ಸಂಖ್ಯೆಯ ಒಳಗೆ ಕೂತಿದ್ದೆ, ನನ್ನ ಜೊತೆ ಅದರೊಳಗೆ ಇನ್ನೊಬ್ಬರು ಬರಲು ಸಾಧ್ಯವೇ ಇರಲಿಲ್ಲ.

ಸಂಜೆ ಅಜ್ಜಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಆಸಕ್ತಿಯಿಂದ ಕೇಳಿದಳು ಎಂಬುದನ್ನು ಒಪ್ಪಲೇಬೇಕು.

"ಅಂದ್ರೆ ನಮ್ಮ ಸಾವಿರದೊಂದು?"

"ಏಳು, ಹನ್ನೊಂದು, ಹದಿಮೂರು, ಎಲ್ಲದಕ್ಕೂ ಹೋಗುತ್ತೆ."

"ತುಂಬು ಸಂಸಾರಿ ಅನ್ನು. ಈ ಒಂಬತ್ತು ಸಾವಿರದ್ದು?"

"ಯಾರಿಗೂ ಹೋಗಲ್ಲ. ತನಗೆ ತಾನೇ."

"ಸನ್ಯಾಸಿ."

ಹೀಗೆ ನಮ್ಮ ಮನೆಯಲ್ಲಿ ಸಂಖ್ಯೆಗಳು ಎರಡು ಜಾತಿಯಾದವು. ಬರೀ ಲಕ್ಷ ಮಹಾ ಸಂಸಾರಿ, ಎರಡು ಮತ್ತು ಐದರ ಮಕ್ಕಳು ಮೊಮ್ಮಕ್ಕಳಿಂದ ತುಂಬಿದ್ದು. ಲಕ್ಷದೊಂದು ಹನ್ನೊಂದೆಂಬ ಒಬ್ಬ ಸಣ್ಣ ಸನ್ಯಾಸಿ ಈ ಒಬ್ಬ ದೊಡ್ಡ ಸನ್ಯಾಸಿಯನ್ನು ಕಟ್ಟಿಕೊಂಡದ್ದು. ಮುನಿಯಮ್ಮ ಬಾಯಿಗೆ ಸೆರಗು ಒತ್ತಿ ನಕ್ಕಳು.

"ಇಬ್ರು ಸನ್ಯಾಸಿಗಳು ಸೇರ್ಕಂಡ್ರೆ ಇಂಗೇ ಆಗೋದು ಕಣವ್ವಾ, ಮಠ ಆಯ್ತದೆ, ಮನೆ ಆಗಾಕಿಲ್ಲ."

ಹೊಸ್ತಿಲ ಆಚೆಯಿಂದ ರುಕ್ಕತ್ತೆಯ ಧ್ವನಿ ಬಂತು. ಬತ್ತಿ ಹೊಸೆಯುವ ಅಧಿಕಾರ ಅವಳಿಗಿರಲಿಲ್ಲ, ಆ ಲಕ್ಷದೊಂದು ಬತ್ತಿಯ ಹತ್ತಿಯಿಂದ ಬೀಜ ಬಿಡಿಸುವ ಕೆಲಸವಷ್ಟೂ ಅವಳದೇ.

"ಒಂಟಿ ಆದ್ರೇನಂತೆ? ಯಾರೂ ಪಾಲು ಕೇಳೋಕೆ ಬರಲ್ಲ."

ಅವಳ ಆ ಮಾತಿನಿಂದಲೇ ನನಗೆ ಹೊಳೆಯಿತು. ಮರುದಿನ ಊಟಕ್ಕೆ ಕೂತಾಗ, ಎಲ್ಲರೂ ಸಾರಿನನ್ನದ ಮೇಲೆ ಬಗ್ಗಿರುವಾಗ, ಎದ್ದು ನಿಲ್ಲದೇ ಭಾಷಣ ಮಾಡಿದೆ. ಬೇಕಾದದ್ದು ಹನ್ನೊಂದು ಜೊತೆ ಕೈ. ನನ್ನ ಪಾಲನ್ನು ಒಡೆಯಲಾಗುವುದಿಲ್ಲ, ಆದರೆ ಇಡಿಯಾಗಿ ಬೇರೆಯವರಿಗೆ ಕೊಡಬಹುದಲ್ಲ. ನಾನು ಹೊಸೆದದ್ದನ್ನು ಬಿಟ್ಟು ಮೊದಲಿನಿಂದ ಅಷ್ಟನ್ನೂ ಹೊಸೆಯಲಿ. ಮನೆಯಲ್ಲೇ ಕೈ ಇವೆ. ಬೀಜ ಬಿಡಿಸಿದ ಕೈ ಬತ್ತಿ ಹೊಸೆದರೆ ಏನಾಗುತ್ತದೆ?

"ಹನ್ನೊಂದು ಅನ್ನೋ ಸಂಖ್ಯೆ ಯಾರ ಹಣೇಲಿ ಕುಂಕುಮ ಇದೆ, ಯಾರ ಹಣೇಲಿ ಇಲ್ಲ ಅಂತ ಕೇಳಲ್ಲ ಅಜ್ಜಿ."

"ಸಂಖ್ಯೆ ಕೇಳಲ್ಲ. ನಾನು ಕೇಳ್ತೀನಿ."

"ಹಾಗಾದ್ರೆ ಇದು ಲೆಕ್ಕ ಅಲ್ಲ, ನಿನ್ನಿಷ್ಟ."

"ಲೆಕ್ಕ ಅಂತ ನಿಂಗೆ ಯಾರು ಹೇಳಿದ್ರು?"

ಅಜ್ಜಿಗಿಂತ ಮೊದಲು ಎದ್ದು ಹೋದವಳು ರುಕ್ಕತ್ತೆ. ನಾನು ಹಿಂದೆಯೇ ಹಿತ್ತಿಲಿಗೆ ಓಡಿದೆ. ಅವಳು ತಂಬಿಗೆ ಬೆಳಗುತ್ತಿದ್ದಳು. ತಲೆ ಎತ್ತಲಿಲ್ಲ.

"ನಿನಗಾಗೇ ಮಾತಾಡ್ದೆ ಅತ್ತೆ."

"ನನಗಾಗಲ್ಲ ಕಣೇ, ನೀನು ಪರೀಕ್ಷೆಗೆ ಹೋಗೋದಕ್ಕೆ. ಹೋಗು, ಬೇಡ ಅನ್ನಲ್ಲ. ನನ್ನನ್ನ ಕಾಲಿಟ್ಟು ಹತ್ತೋಕೆ ಮಣೆ ಮಾಡ್ಕೋಬೇಡ. ಅಲ್ಲಿ ಕೂತು ಹನ್ನೊಂದನೆಯವಳು ಆಗು ಅಂತ ನನ್ನನ್ನ ಒಂದು ಮಾತು ಕೇಳಿದ್ಯಾ?"

ಕೇಳಿರಲಿಲ್ಲ. ಕೇಳಿದ್ದರೂ ಅಜ್ಜಿ ಒಪ್ಪುತ್ತಿರಲಿಲ್ಲ ಎಂಬುದು ಬೇರೆ ವಾದ, ಅದು ಅಂದು ನನ್ನ ಬಾಯಿಗೆ ಬರಲಿಲ್ಲ.

ಪರೀಕ್ಷೆಯ ಬೆಳಗ್ಗೆ ಎಂದಿನಂತೆ ಕಿಟಕಿಗಳು ಮುಚ್ಚಿದವು. ಅಪ್ಪ ಅವತ್ತು ಕೆಲಸಕ್ಕೆ ಬೇಗ ಹೋಗಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಸುಮ್ಮನೆ ನಿಂತಿದ್ದ. ಅವನ ಧೈರ್ಯ ಅಷ್ಟೇ, ಅವನ ಮಟ್ಟಿಗೆ ಅದು ಬಹಳವೇ. ನಾನು ಚಾಪೆಯ ಮೇಲೆ ಕೂತು ಹತ್ತಿ ಮುಟ್ಟದೆ ಆ ಲಕ್ಷದೊಂದನ್ನು ಮನಸ್ಸಿನಲ್ಲೇ ಸುತ್ತು ಹಾಕುತ್ತಿದ್ದೆ. ಅದನ್ನು ಶೇಷವಿಲ್ಲದೆ ಭಾಗಿಸುವುದು ಹನ್ನೊಂದು, ಇಲ್ಲವೇ ಒಂಬತ್ತು ಸಾವಿರದ ತೊಂಬತ್ತೊಂದು. ಅಷ್ಟು ಹೆಂಗಸರು ಬೇಕಾದರೆ ಎಲಹಂಕ ಸಾಲದು, ಹೆಬ್ಬಾಳದಿಂದಲೂ ಕರೆಸಬೇಕು. ಇನ್ನೇನೂ ಇಲ್ಲ ಎಂದುಕೊಂಡೆ. ಆಗ, ಯಾವ ಸಂಖ್ಯೆಯ ಪಟ್ಟಿಯಲ್ಲೂ ಎಲ್ಲರಿಗಿಂತ ಮೊದಲು ಬಂದು ಕೂರುವುದು, ಬಂದಿದೆ ಎಂದು ಯಾರೂ ಗಮನಿಸದೇ ಹೋಗುವುದು, ಕಣ್ಣಿಗೆ ಬಿತ್ತು.

"ಅಜ್ಜಿ, ಒಂದು."

"ಏನೊಂದು?"

"ಒಂದರಿಂದ ಭಾಗಿಸಿದ್ರೂ ಏನೂ ಉಳಿಯಲ್ಲ. ಒಬ್ಬರೇ ಕೂತು ಅಷ್ಟನ್ನೂ ಹೊಸೆದ್ರೆ ಪಾಲು ಸಮ. ಹರಕೆ ಹೊತ್ತದ್ದು ಒಬ್ಬರೇ ತಾನೇ?"

ಹೊಸೆಯುತ್ತಿದ್ದ ಕೈಗಳೆಲ್ಲ ನಿಂತವು. ಅಮ್ಮ ನನ್ನ ಹೆಸರನ್ನು ಪಿಸುಗುಟ್ಟಿದಳು. ಅಜ್ಜಿ ತನ್ನ ಬೆರಳಿನ ವಿಭೂತಿಯನ್ನು ಸೆರಗಿಗೆ ಒರೆಸಿಕೊಂಡಳು.

"ಸರಿ. ಒಬ್ಬರು. ಆ ಒಬ್ಬರು ಯಾರು ಅಂತ ನಿನ್ನ ಸಂಖ್ಯೆ ಹೇಳುತ್ತಾ?"

ನಾನು ಬಾಯಿ ತೆರೆದೆ.

"ಕುಂಕುಮ ಕೇಳಲ್ಲ ಅಂದ್ಯಲ್ಲ ಮೊನ್ನೆ. ವಯಸ್ಸೂ ಕೇಳಲ್ಲ ತಾನೇ? ಹರಕೆ ಹೊತ್ತದ್ದು ಯಾರು ಅಂತಾನೂ ಕೇಳಲ್ಲ. ಒಂದು ಅಂತ ಕಂಡುಹಿಡಿದವಳು ನೀನು. ನೀನೇ ಆಗಬಹುದಲ್ಲ ಆ ಒಬ್ಬಳು?"

ಆಮೇಲೆ ಎಷ್ಟೋ ವೇದಿಕೆಗಳ ಮೇಲೆ ನಿಂತಿದ್ದೇನೆ. ನನ್ನದೇ ವಾಕ್ಯವನ್ನು ಅಷ್ಟು ಅಚ್ಚುಕಟ್ಟಾಗಿ ತಿರುಗಿಸಿ ನನ್ನ ಕೊರಳಿಗೆ ಹಾಕಿದ ಎದುರಾಳಿ ಇನ್ನೂ ಸಿಕ್ಕಿಲ್ಲ. ಲಕ್ಷದೊಂದು ಬತ್ತಿ. ಸರೋಜನ ವಯಸ್ಸು ಬಂದರೂ, ಅಮ್ಮನ ವಯಸ್ಸು ಬಂದರೂ ಆ ಚೌಕ ಬೆಳಕಿನ ಪಕ್ಕ ನಾನೊಬ್ಬಳೇ ಕೂತಿರುವುದು ಕಣ್ಣಿಗೆ ಕಟ್ಟಿತು. ಅಳು ಬಂತು, ಅದನ್ನು ಮಾತ್ರ ಅವಳಿಗೆ ಕೊಡಬಾರದೆಂದು ಕೆಳತುಟಿ ಕಚ್ಚಿಕೊಂಡು ಕೂತೆ.

"ಹೆದರಿಕೊಂಡ್ಯಾ?"

"ಹೂಂ."

"ಒಳ್ಳೇದು. ಇನ್ನೊಬ್ಬರ ತಲೆ ಮೇಲೆ ಹೊರಿಸೋ ಮುಂಚೆ ಎಷ್ಟು ಭಾರ ಅಂತ ಗೊತ್ತಿರಬೇಕು." ಅಜ್ಜಿ ಗೋಡೆ ಹಿಡಿದು ಎದ್ದಳು. "ಇದುವರೆಗೂ ಹೊಸೆದದ್ದು ಏನಾಗುತ್ತೆ?"

"ಅದು ಹನ್ನೊಂದು ಜನರ ಲೆಕ್ಕದ್ದು" ಎಂದೆ. ಸುಳ್ಳು ಹೇಳಬಹುದಿತ್ತು, ಹೊಳೆಯಲಿಲ್ಲ.

"ಹಾಗಾದ್ರೆ ಇದನ್ನೆಲ್ಲ ಗುಡಿಯ ದೀಪಕ್ಕೆ ಕೊಟ್ಟುಬಿಡಿ. ನಾನು ಮೊದಲಿಂದ ಶುರು ಮಾಡ್ತೀನಿ. ಏಳ್ರೇ, ಎಲ್ಲರೂ ಏಳಿ." ಜಗಲಿಯ ಕಡೆ ಕೂಗಿದಳು: "ಲೋ, ಟ್ರೈನ್ ಎಷ್ಟೊತ್ತಿಗೋ?"

ಉಳಿದ ಒಂಬತ್ತು ಜನರೂ ನನಗೆ ಕೃತಜ್ಞರಾಗುತ್ತಾರೆ ಎಂದುಕೊಂಡಿದ್ದೆ. ಯಾರೂ ನನ್ನ ಮುಖ ನೋಡಲಿಲ್ಲ. ಸರೋಜ ತನ್ನ ತಟ್ಟೆಯನ್ನು ಅಜ್ಜಿಗೆ ಕೊಡುವಾಗ ಬಿಕ್ಕಿದಳು. ಮುನಿಯಮ್ಮ ಚಾಪೆ ಸುತ್ತುತ್ತ ಗೊಣಗಿದಳು.

"ಅತ್ತೆ ಕಣ್ತಪ್ಸಿ ಒಂದೀಟು ಒತ್ತು ಕೂತ್ಕಂಡು ನಗಾಡ್ತಿದ್ವಿ. ಅದ್ಕೂ ಕಲ್ಲಾಕ್ಬುಟ್ಟೆ ಕಣವ್ವಾ."

ಅಮ್ಮ ನನ್ನ ಜಡೆ ಹೆಣೆಯುವಾಗ ಬೇಕೆಂದೇ ಬಿಗಿಯಾಗಿ ಎಳೆದಳು. "ನಿಂಗೆ ಜೈಲು ಅನ್ನಿಸಿದ್ದು ಎಲ್ಲರಿಗೂ ಜೈಲೇ ಆಗಿರುತ್ತೇನೆ?" ನನ್ನ ವಾದದಲ್ಲಿ ಈಗಲೂ ತಪ್ಪು ಕಾಣಿಸುವುದಿಲ್ಲ. ಆ ಪ್ರಶ್ನೆಗೆ ಉತ್ತರವೂ ಕಾಣಿಸುವುದಿಲ್ಲ.

ಗೇಟು ದಾಟುವಾಗ ಏನಾದರೂ ಆದೀತೆಂದು ಕಾದೆ. ಏನೂ ಆಗಲಿಲ್ಲ. ರೈಲು ಯಶವಂತಪುರದಲ್ಲಿ ಬಹಳ ಹೊತ್ತು ನಿಂತಿತು, ಅಪ್ಪ ಟಿಕೆಟ್ಟಿನ ಮೂಲೆಯನ್ನು ಮಡಚುತ್ತ, ಬಿಡಿಸುತ್ತ ಕೂತಿದ್ದ. ಪರೀಕ್ಷೆ ಸುಲಭವಿತ್ತು. ಸೀಟು ಸಿಕ್ಕಿತು. ಗಂಡು ಹುಟ್ಟಿತೇ, ಬತ್ತಿ ಮುಗಿಯಿತೇ ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ: ಎರಡೂ ಇಲ್ಲ. ಆಗ ಹುಟ್ಟಿದ ತಂಗಿ ಈಗ ಶಾಲೆಗೆ ಹೋಗುತ್ತಾಳೆ. ಅಜ್ಜಿ ಸ್ನಾನಕ್ಕೂ ಊಟಕ್ಕೂ ನಡುವೆ, ಮಂಜಾದ ಕಣ್ಣಿನಲ್ಲಿ, ದಿನಕ್ಕೆ ಒಂದು ಹಿಡಿಯಂತೆ ಇನ್ನೂ ಹೊಸೆಯುತ್ತಿದ್ದಾಳೆ. ಹರಕೆಯ ಕಾರಣ ಹೋಗಿಬಿಟ್ಟಿತಲ್ಲ, ಇನ್ನೇಕೆ ಎಂದು ನಾನು ಕೇಳದ ವರ್ಷವಿಲ್ಲ. ಅವಳು ಉತ್ತರ ಕೊಟ್ಟ ವರ್ಷವೂ ಇಲ್ಲ.

ಅವತ್ತು ಸಂಜೆ ಮನೆಗೆ ಬಂದಾಗ ನಡುಮನೆಯಲ್ಲಿ ಅವಳೊಬ್ಬಳೇ ಇದ್ದಳು. ಉಳಿದವರು ಅಡುಗೆಮನೆ ಸೇರಿದ್ದರು, ಯಾರ ಮಾತೂ ಕೇಳಿಸುತ್ತಿರಲಿಲ್ಲ. ಅಷ್ಟು ದೊಡ್ಡ ಕೋಣೆಯ ನಡುವೆ ಒಂದು ತಟ್ಟೆ, ಅದರಲ್ಲಿ ತಳ ಮುಚ್ಚುವಷ್ಟೂ ಇಲ್ಲದ ಬತ್ತಿಗಳು. ನಾನು ಚೀಲ ಇಳಿಸಿ, ಕೈ ತೊಳೆದು ಬಂದು ನಿಂತೆ.

"ಹೇಗ್ ಮಾಡ್ದೆ?"

"ಚೆನ್ನಾಗಿ ಮಾಡ್ದೆ. ಅಜ್ಜಿ, ಪರೀಕ್ಷೆ ಮುಗೀತಲ್ಲ. ನಾನೂ ಕೂತ್ಕೊಳ್ಳಾ?"

"ಕೂತ್ರೆ ಎಷ್ಟು ಜನ ಆಗ್ತೀವಿ?"

"ಇಬ್ಬರು."

"ಎರಡರಿಂದ ಹೋಗುತ್ತಾ?"

"ಇಲ್ಲ. ಒಂದು ಉಳಿಯುತ್ತೆ."

"ಮತ್ತೆ?" ಎಂದಳು ಅಜ್ಜಿ, ತಲೆ ಎತ್ತದೆ, ಸಿಟ್ಟೂ ಇಲ್ಲದೆ.

ಚಾಪೆಯ ಅಂಚಿಗೆ ಇಟ್ಟಿದ್ದ ಕಾಲನ್ನು ನಾನು ಹಿಂದಕ್ಕೆ ತೆಗೆದುಕೊಂಡೆ.